ಸಂಬಳವೋ, ಬೋನಸ್ಸೋ, ಸಮೀಕ್ಷೆಯೋ, ಮ್ಯಾನೇಜರ್ ತರಬೇತಿಯೋ: ಎಚ್‌ಆರ್ ಪದ್ಧತಿಗಳಲ್ಲಿ ಮೊದಲು ಯಾವುದು?

ನೌಕರರು ಮನಸ್ಸಿಟ್ಟು ದುಡಿಯಬೇಕು, ಅದರಿಂದ ವ್ಯವಹಾರವೂ ಬೆಳೆಯಬೇಕು ಎಂದು ಹೊರಟ ಸಂಸ್ಥೆಯ ಮುಂದೆ ಆಯ್ಕೆಗಳಿಗೆ ಬರವಿಲ್ಲ. ಸಮೀಕ್ಷೆ ಮಾಡಬಹುದು, ಸಂಬಳ ಏರಿಸಬಹುದು, ಇನ್ಸೆಂಟಿವ್ ಇಡಬಹುದು, ಅಪ್ರೈಸಲ್ ಪದ್ಧತಿ ಬದಲಿಸಬಹುದು, ಮ್ಯಾನೇಜರುಗಳಿಗೆ ತರಬೇತಿ ಕೊಡಿಸಬಹುದು. ಇಷ್ಟನ್ನೂ ಒಂದೇ ವರ್ಷದಲ್ಲಿ ಮಾಡಲು ಹೊರಟವರು ಸಾಮಾನ್ಯವಾಗಿ ಒಂದನ್ನೂ ಪೂರ್ತಿ ಮಾಡುವುದಿಲ್ಲ. ಆದ್ದರಿಂದ ಈ ಹೋಲಿಕೆಯಲ್ಲಿ ಪ್ರತಿ ಆಯ್ಕೆಯನ್ನೂ ಒಂದೇ ಪ್ರಶ್ನೆಯಿಂದ ತೂಗಿದ್ದೇವೆ: ಯಾವ ಸ್ಥಿತಿಯಲ್ಲಿರುವ ಸಂಸ್ಥೆಗೆ ಇದು ಮೊದಲು ಬೇಕು, ಯಾವ ಸ್ಥಿತಿಯಲ್ಲಿ ಇದು ದುಡ್ಡು ಮತ್ತು ನಂಬಿಕೆ ಎರಡನ್ನೂ ತಿನ್ನುತ್ತದೆ?

ನೌಕರ ನೆಮ್ಮದಿಯಾಗಿದ್ದಾನೆ ಅನ್ನುವುದಕ್ಕೂ ಕೆಲಸದಲ್ಲಿ ತೊಡಗಿದ್ದಾನೆ ಅನ್ನುವುದಕ್ಕೂ ಅಂತರವಿದೆ. ವಿಲಿಯಂ ಕಾನ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನುಷ್ಯ ಕೆಲಸಕ್ಕೆ ತನ್ನನ್ನು ಪೂರ್ತಿ ಕೊಟ್ಟುಕೊಳ್ಳಲು ಮೂರು ಸ್ಥಿತಿಗಳು ಬೇಕೆಂದು ಗುರುತಿಸಿದರು. ಕೆಲಸಕ್ಕೆ ಅರ್ಥವಿದೆ ಅನ್ನಿಸಬೇಕು. ಮಾತಾಡಿದರೆ, ತಪ್ಪು ಒಪ್ಪಿಕೊಂಡರೆ ತೊಂದರೆಯಾಗದೆಂಬ ಭರವಸೆ ಇರಬೇಕು. ಕೊಡಲು ಮೈಯಲ್ಲಿ, ಮನಸ್ಸಿನಲ್ಲಿ ಶಕ್ತಿ ಉಳಿದಿರಬೇಕು. ಈ ಮೂರನ್ನೂ ನೆನಪಿನಲ್ಲಿಟ್ಟುಕೊಂಡರೆ ಎಷ್ಟೋ ಯೋಜನೆಗಳು ಯಾಕೆ ಕೈಕೊಡುತ್ತವೆಂದು ತಿಳಿಯುತ್ತದೆ. ಬಾಯಿ ಬಿಟ್ಟರೆ ಬೈಗುಳ ತಿನ್ನಬೇಕಾದ ವಿಭಾಗಕ್ಕೆ ಬೋನಸ್ ಕೊಟ್ಟರೆ ಭಯ ಕಡಿಮೆಯಾಗದು. ದಿನಕ್ಕೆ ಹನ್ನೆರಡು ಗಂಟೆ ದುಡಿದು ದಣಿದವರಿಗೆ ಸಂಸ್ಥೆಯ ಧ್ಯೇಯದ ಬಗ್ಗೆ ಕಾರ್ಯಾಗಾರ ಮಾಡಿದರೆ ಅವರ ಇನ್ನೆರಡು ಗಂಟೆ ಹೋಯಿತು, ಅಷ್ಟೇ.

ಮೊದಲು ರಾಜೀನಾಮೆಗಳನ್ನು ಓದಿ

ಯಾವ ಪದ್ಧತಿ ಆರಿಸುವುದಕ್ಕೂ ಮುಂಚೆ ಅರ್ಧ ದಿನದ ಕೆಲಸವೊಂದಿದೆ. ಕಳೆದ 24 ತಿಂಗಳಲ್ಲಿ ಬಿಟ್ಟುಹೋದವರ ಪಟ್ಟಿ ತೆಗೆಯಿರಿ. ನಿವೃತ್ತರಾದವರನ್ನೂ ಸಂಸ್ಥೆಯೇ ತೆಗೆದುಹಾಕಿದವರನ್ನೂ ಬೇರೆ ಇಡಿ. ಉಳಿದ ಪ್ರತಿಯೊಬ್ಬರ ಹೆಸರಿನ ಮುಂದೆ ನಾಲ್ಕು ವಿವರ ಬರೆಯಿರಿ: ಸೇರಿ ಎಷ್ಟು ತಿಂಗಳಾಗಿತ್ತು, ಯಾವ ಮ್ಯಾನೇಜರ್ ಕೈಕೆಳಗಿದ್ದರು, ಕೊನೆಯ ಸಂಬಳ ಪರಿಷ್ಕರಣೆ ಯಾವಾಗ ಆಗಿತ್ತು, ಅವರು ಹೋದದ್ದು ನಿಜವಾಗಿ ನಷ್ಟವೇ ಅಲ್ಲವೇ.

ಪಟ್ಟಿ ತಾನೇ ಮಾತಾಡತೊಡಗುತ್ತದೆ. ಹೆಚ್ಚಿನವರು ಮೊದಲ 90 ದಿನಗಳಲ್ಲೇ ಹೋಗಿದ್ದರೆ ದೋಷ ನೇಮಕಾತಿಯಲ್ಲಿದೆ ಅಥವಾ ಸೇರಿದ ಮೇಲಿನ ಮೊದಲ ವಾರಗಳಲ್ಲಿದೆ. ಸಂದರ್ಶನದಲ್ಲಿ ಹೇಳಿದ ಕೆಲಸ ಒಂದು, ಕೊಟ್ಟ ಕೆಲಸ ಇನ್ನೊಂದು ಆಗಿರುವುದು ಇಲ್ಲಿನ ಸಾಮಾನ್ಯ ಕಾರಣ. ಒಂದೂವರೆ ಎರಡು ವರ್ಷಕ್ಕೆ ಹೋಗುತ್ತಿದ್ದರೆ ಕಲಿಯುವುದು ಮುಗಿದಿದೆ, ಮುಂದಿನ ಮೆಟ್ಟಿಲು ಕಾಣುತ್ತಿಲ್ಲ. ಇಂಕ್ರಿಮೆಂಟ್ ಪತ್ರ ಕೈಗೆ ಬಂದ ಮರು ತಿಂಗಳುಗಳಲ್ಲಿ ಸಾಲಾಗಿ ರಾಜೀನಾಮೆ ಬಂದಿದ್ದರೆ ಮೊತ್ತಕ್ಕಿಂತ ನ್ಯಾಯದ ಪ್ರಶ್ನೆಯನ್ನು ಮೊದಲು ಪರಿಶೀಲಿಸಿ. ಒಂದೇ ಮ್ಯಾನೇಜರ್ ಹೆಸರು ಮತ್ತೆ ಮತ್ತೆ ಬಂದರೆ ಬೇರೆ ಯಾವ ಯೋಜನೆಗೂ ಖರ್ಚು ಮಾಡುವ ಮೊದಲು ಅಲ್ಲಿಗೆ ಹೋಗಿ.

ಶೇಕಡಾವಾರು ಲೆಕ್ಕವೂ ಬೇಕು: 12 ತಿಂಗಳಲ್ಲಿ ತಾವಾಗಿ ಬಿಟ್ಟವರ ಸಂಖ್ಯೆಯನ್ನು ಆ ಅವಧಿಯ ಸರಾಸರಿ ನೌಕರರ ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸುವುದು. ಆದರೆ 20 ಜನರ ಸಂಸ್ಥೆಯಲ್ಲಿ ಒಬ್ಬರು ಹೋದರೂ ಶೇ 5 ಆಗುತ್ತದೆ. ಅಷ್ಟು ಚಿಕ್ಕ ಗುಂಪಿನಲ್ಲಿ ಶೇಕಡಾವಾರು ಬಿಟ್ಟು ಹೆಸರುಗಳನ್ನೇ ಓದುವುದು ಸರಿ.

ಕೇಳುವ ದಾರಿಗಳು: ವಾರ್ಷಿಕ ಸಮೀಕ್ಷೆ, ಪಲ್ಸ್ ಸರ್ವೆ, ಎದುರು ಕೂತು ಮಾತು

ವಾರ್ಷಿಕ ಸಮೀಕ್ಷೆಯಲ್ಲಿ 30ರಿಂದ 50 ಪ್ರಶ್ನೆಗಳಿರುತ್ತವೆ. ವಿಭಾಗದಿಂದ ವಿಭಾಗಕ್ಕೆ ಹೋಲಿಸಲು, ವರ್ಷದಿಂದ ವರ್ಷಕ್ಕೆ ಬದಲಾವಣೆ ನೋಡಲು ಇದು ಸೂಕ್ತ. ದೊಡ್ಡ ಕೊರತೆ ವೇಗದ್ದು. ಉತ್ತರ ಕೊಟ್ಟವರಿಗೆ ಫಲಿತಾಂಶ ತಿಳಿಯುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿರುತ್ತದೆ, ದೂರು ಹಳತಾಗಿರುತ್ತದೆ. ಮಾಡುವುದೇ ಆದರೆ ಮುಗಿದ ಮೂರು ವಾರದೊಳಗೆ ಅಂಕಿಗಳನ್ನು, ಕಹಿಯಾದವನ್ನೂ ಸೇರಿಸಿ, ಎಲ್ಲರಿಗೂ ತೋರಿಸಿ. ಆಮೇಲೆ ಎರಡೇ ವಿಷಯ ಆರಿಸಿ ಅವನ್ನು ಸರಿಪಡಿಸಿ. ಹತ್ತು ವಿಷಯಗಳ ಕ್ರಿಯಾಯೋಜನೆ ಮಾಡಿದ ಕಡೆ ಯಾವುದಕ್ಕೂ ಹೊಣೆಗಾರರು ಇರುವುದಿಲ್ಲ.

ಪಲ್ಸ್ ಸರ್ವೆ ಅಂದರೆ 5ರಿಂದ 8 ಪ್ರಶ್ನೆ, ಮೂರು ತಿಂಗಳಿಗೊಮ್ಮೆ. ದೊಡ್ಡ ಬದಲಾವಣೆ ನಡೆಯುತ್ತಿರುವಾಗ, ಅಂದರೆ ಸ್ಥಳಾಂತರ, ವಿಲೀನ, ಪಾಳಿ ಬದಲಾವಣೆಯಂಥ ಸಂದರ್ಭದಲ್ಲಿ ಇದರಷ್ಟು ಉಪಯುಕ್ತವಾದುದು ಇನ್ನೊಂದಿಲ್ಲ. ವಾರ ವಾರ ಕಳಿಸಿದರೆ ಜನ ಕಣ್ಣುಮುಚ್ಚಿ ಒಂದೇ ಅಂಕಿ ಒತ್ತತೊಡಗುತ್ತಾರೆ. ಸರ್ವೆಯಿಂದ ಜನ ಬೇಸರಗೊಂಡಿದ್ದಾರೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹಿಂದೆ ಕೊಟ್ಟ ಉತ್ತರಕ್ಕೆ ಏನೂ ಆಗದಿದ್ದುದೇ ಆ ಬೇಸರದ ಮೂಲ.

ಪ್ರಶ್ನೆಗಳನ್ನು ಮನಸ್ಸಿಗೆ ಬಂದಂತೆ ಬರೆಯಬೇಕಿಲ್ಲ. ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆಯ 12 ಪ್ರಶ್ನೆಗಳ ಪಟ್ಟಿ ಕೆಲಸದ ದಿನನಿತ್ಯದ ಸ್ಥಿತಿಯನ್ನು ಕೇಳುತ್ತದೆ: ನನ್ನಿಂದ ಏನು ನಿರೀಕ್ಷೆ ಇದೆಯೆಂದು ಗೊತ್ತೇ, ಬೇಕಾದ ಸಾಮಗ್ರಿ ಇದೆಯೇ, ಇತ್ತೀಚೆಗೆ ಯಾರಾದರೂ ಮೆಚ್ಚಿದರೇ ಇತ್ಯಾದಿ. ಸಂಶೋಧಕರು ಬಳಸುವ ಯುಟ್ರೆಕ್ಟ್ ಮಾಪಕ ಎಂಬ ಪ್ರಶ್ನಾವಳಿ ಮನಸ್ಸಿನ ಸ್ಥಿತಿಯನ್ನೇ ಅಳೆಯುತ್ತದೆ: ಹುರುಪು, ಸಮರ್ಪಣೆ, ತಲ್ಲೀನತೆ. ಅದರಲ್ಲಿ 17 ಪ್ರಶ್ನೆಗಳ ಮತ್ತು 9 ಪ್ರಶ್ನೆಗಳ ರೂಪಗಳಿವೆ. ಸರಿಪಡಿಸುವ ಉದ್ದೇಶವಿದ್ದರೆ ಮೊದಲ ಬಗೆಯ ಪ್ರಶ್ನೆಗಳೇ ಲೇಸು. ‘ಸಾಮಗ್ರಿ ಇಲ್ಲ’ ಎಂದರೆ ನಾಳೆಯೇ ಏನಾದರೂ ಮಾಡಬಹುದು. ‘ಹುರುಪಿಲ್ಲ’ ಎಂದರೆ ಯಾಕೆಂದು ಮತ್ತೆ ಕೇಳಬೇಕು.

‘ಈ ಸಂಸ್ಥೆಯಲ್ಲಿ ಕೆಲಸ ಮಾಡಲು ಗೆಳೆಯರಿಗೆ ಹೇಳುವಿರಾ’ ಎಂಬ ಒಂದೇ ಪ್ರಶ್ನೆಗೆ 0ಯಿಂದ 10ರವರೆಗೆ ಅಂಕ ಪಡೆಯುವ ಇಎನ್‌ಪಿಎಸ್ ಕೂಡ ಜನಪ್ರಿಯ. 9, 10 ಕೊಟ್ಟವರ ಶೇಕಡಾವಾರಿನಿಂದ 0ಯಿಂದ 6 ಕೊಟ್ಟವರ ಶೇಕಡಾವಾರು ಕಳೆದರೆ ಅಂಕ ಸಿಗುತ್ತದೆ. 50 ಜನರಲ್ಲಿ 20 ಮಂದಿ ಮೇಲಿನ ಗುಂಪು, 15 ಮಂದಿ ಕೆಳಗಿನ ಗುಂಪು ಆದರೆ ಶೇ 40ರಲ್ಲಿ ಶೇ 30 ಹೋಗಿ +10. ಇದು ಜ್ವರ ಇದೆಯೋ ಇಲ್ಲವೋ ಹೇಳುತ್ತದೆ, ಯಾಕೆ ಬಂತೆಂದು ಹೇಳದು. 20 ಜನರ ತಂಡದಲ್ಲಿ ಒಬ್ಬರು ಮೇಲಿನ ಗುಂಪಿನಿಂದ ಕೆಳಗಿನದಕ್ಕೆ ಜಾರಿದರೆ ಅಂಕ 10 ಕುಸಿಯುತ್ತದೆ. ಅಂಥ ಏರಿಳಿತ ನೋಡಿ ಸಭೆ ಕರೆಯಬೇಡಿ.

30ಕ್ಕಿಂತ ಕಡಿಮೆ ಜನರಿರುವ ಕಡೆ ಅನಾಮಧೇಯ ಸಮೀಕ್ಷೆ ಹೆಸರಿಗೆ ಮಾತ್ರ ಅನಾಮಧೇಯ. ಬರವಣಿಗೆಯ ಧಾಟಿಯಿಂದಲೇ ಯಾರೆಂದು ಗೊತ್ತಾಗಿಬಿಡುತ್ತದೆ. ದೊಡ್ಡ ಸಂಸ್ಥೆಯಲ್ಲೂ ಐದಕ್ಕಿಂತ ಕಡಿಮೆ ಉತ್ತರ ಬಂದ ತಂಡದ ಫಲಿತಾಂಶವನ್ನು ಪ್ರತ್ಯೇಕವಾಗಿ ತೋರಿಸಬಾರದು. ಚಿಕ್ಕ ಸಂಸ್ಥೆಗೆ ಒಪ್ಪುವುದು ‘ಸ್ಟೇ ಇಂಟರ್‌ವ್ಯೂ’, ಅಂದರೆ ಇನ್ನೂ ಇಲ್ಲಿರುವವರೊಂದಿಗೆ ಮಾಡುವ ಮಾತುಕತೆ. 30ರಿಂದ 40 ನಿಮಿಷ ಸಾಕು. ಕೇಳಬೇಕಾದ್ದು ಇಷ್ಟು: ಬೆಳಿಗ್ಗೆ ಬರುವಾಗ ಯಾವ ಕೆಲಸ ನೆನೆದರೆ ಉತ್ಸಾಹ, ಯಾವುದು ನೆನೆದರೆ ಸಾಕಪ್ಪಾ ಅನ್ನಿಸುತ್ತದೆ? ಇಲ್ಲಿ ಏನು ಕಲಿಯುತ್ತಿದ್ದೀರಿ, ಏನು ಕಲಿಯಬೇಕೆಂದಿದೆ? ಬಿಡಬೇಕೆಂದು ಕೊನೆಯ ಬಾರಿ ಅನ್ನಿಸಿದ್ದು ಯಾವಾಗ, ಯಾಕೆ? ನಿಮ್ಮ ಮೇಲಿನವರು ಏನು ಹೆಚ್ಚು ಮಾಡಬೇಕು, ಏನು ಕಡಿಮೆ? ಕೊನೆಯ ಪ್ರಶ್ನೆ ಇರುವುದರಿಂದಲೇ ಈ ಮಾತುಕತೆಯನ್ನು ನೇರ ಮ್ಯಾನೇಜರ್ ಬದಲು ಅವರ ಮೇಲಿನವರು ನಡೆಸುವುದು ಕ್ಷೇಮ. ಅಪ್ರೈಸಲ್ ನಡೆಯುವ ತಿಂಗಳಲ್ಲಿ ಇದನ್ನು ಮಾಡಬೇಡಿ. ಇಂಕ್ರಿಮೆಂಟಿನ ನೆರಳು ಬಿದ್ದ ಮಾತು ನಿಜವಾಗಿರುವುದಿಲ್ಲ.

ಬಿಟ್ಟುಹೋಗುವವರ ಎಕ್ಸಿಟ್ ಇಂಟರ್‌ವ್ಯೂ ಈ ಎಲ್ಲದರಲ್ಲಿ ತೀರ ದುರ್ಬಲ ಸಾಧನ. ಮುಂದೆ ರೆಫರೆನ್ಸ್ ಬೇಕಾಗುತ್ತದೆ, ಬಾಕಿ ಹಣ ಬರಬೇಕಿದೆ. ಹೋಗುವವರು ‘ಒಳ್ಳೆ ಅವಕಾಶ ಸಿಕ್ಕಿತು’ ಎಂದಷ್ಟೇ ಹೇಳಿ ಹೋಗುತ್ತಾರೆ.

ಇನ್ನೊಂದು ಎಚ್ಚರಿಕೆ. ಸಮೀಕ್ಷೆಯ ಅಂಕವನ್ನು ಮ್ಯಾನೇಜರಿನ ಬೋನಸ್ಸಿಗೆ ಕಟ್ಟಬೇಡಿ. ಕಟ್ಟಿದ ಕೂಡಲೇ ‘ಎಲ್ಲರೂ ಒಳ್ಳೆಯ ಅಂಕ ಕೊಡಿ’ ಎಂಬ ಸಭೆಗಳು ಶುರುವಾಗುತ್ತವೆ, ಅಳತೆಗೋಲೇ ಕೆಟ್ಟುಹೋಗುತ್ತದೆ.

ಮೌಲ್ಯಮಾಪನ: ವಾರ್ಷಿಕ ರೇಟಿಂಗೋ, ನಿರಂತರ ಮಾತುಕತೆಯೋ

ಇಲ್ಲಿ ಮೂರು ಪದ್ಧತಿಗಳು ಎದುರಾಗುತ್ತವೆ. ವರ್ಷಕ್ಕೊಮ್ಮೆ ಅಂಕ ಕೊಡುವುದು. ಇಷ್ಟು ಶೇಕಡ ಜನ ಕೆಳಗಿನ ದರ್ಜೆಯಲ್ಲಿರಲೇಬೇಕೆಂಬ ಕಡ್ಡಾಯ ಶ್ರೇಯಾಂಕ. ಅಂಕ ಬಿಟ್ಟು ವರ್ಷವಿಡೀ ಮಾತುಕತೆ.

ಕಡ್ಡಾಯ ಶ್ರೇಯಾಂಕವನ್ನು ನಾವು ಯಾರಿಗೂ ಹೇಳುವುದಿಲ್ಲ. ಹತ್ತು ಜನರ ಒಳ್ಳೆಯ ತಂಡದಲ್ಲೂ ಒಬ್ಬರು ಕೊನೆಯವರಾಗಲೇಬೇಕು ಎಂದಾದರೆ, ಪಕ್ಕದವರಿಗೆ ಸಹಾಯ ಮಾಡುವುದು ಸ್ವಂತ ಸ್ಥಾನಕ್ಕೆ ಅಪಾಯ. ಜಾಣರು ದುರ್ಬಲ ತಂಡ ಹುಡುಕಿ ಸೇರತೊಡಗುತ್ತಾರೆ. ಮೈಕ್ರೋಸಾಫ್ಟ್ 2013ರಲ್ಲಿ ಇದನ್ನು ಕೈಬಿಟ್ಟಿತು. ಅದಕ್ಕೂ ಮುಂಚೆ 2012ರಲ್ಲಿ ಅಡೋಬಿ ವಾರ್ಷಿಕ ರೇಟಿಂಗನ್ನೇ ಬಿಟ್ಟು ‘ಚೆಕ್-ಇನ್’ ಮಾತುಕತೆಗೆ ಹೊರಳಿತು.

ಹಾಗೆಂದು ಅಂಕ ತೆಗೆದುಹಾಕಿದ ಮಾತ್ರಕ್ಕೆ ಎಲ್ಲ ಸರಿಹೋಗದು. ಸಂಬಳ ಏರಿಸಲು ಯಾವುದೋ ಒಂದು ಆಧಾರ ಬೇಕೇ ಬೇಕು. ಕಾಗದದ ಮೇಲೆ ಅಂಕವಿಲ್ಲದಿದ್ದರೆ ಮ್ಯಾನೇಜರಿನ ತಲೆಯೊಳಗೆ ಇರುತ್ತದೆ, ಅದನ್ನು ಪ್ರಶ್ನಿಸಲು ನೌಕರನಿಗೆ ದಾರಿಯೇ ಇಲ್ಲ. ಮಾತುಕತೆ ಜಾಸ್ತಿಯಾದಷ್ಟೂ ಕೆಲಸ ಸುಧಾರಿಸುತ್ತದೆ ಎಂಬ ನಂಬಿಕೆಯೂ ಅರ್ಧ ಸತ್ಯ. ಕ್ಲೂಗರ್ ಮತ್ತು ಡೆನಿಸಿ 1996ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಫೀಡ್‌ಬ್ಯಾಕ್ ಸರಾಸರಿಯಲ್ಲಿ ಪ್ರಯೋಜನಕಾರಿಯೇ ಆಗಿತ್ತು; ಆದರೆ ಮೂರನೇ ಒಂದು ಭಾಗಕ್ಕೂ ಹೆಚ್ಚು ಸಂದರ್ಭಗಳಲ್ಲಿ ಕೆಲಸ ಇನ್ನಷ್ಟು ಕೆಟ್ಟಿತ್ತು. ಮಾತು ಕೆಲಸದ ಮೇಲಿಂದ ವ್ಯಕ್ತಿಯ ಮೇಲೆ ಹೊರಳಿದಾಗ ಹಾಗಾಗುತ್ತದೆ ಎಂಬುದು ಅವರ ವಿವರಣೆ. ‘ನೀನು ಅಜಾಗರೂಕ’ ಎಂದರೆ ಜಗಳ. ‘ಮಂಗಳವಾರದ ವರದಿಯಲ್ಲಿ ಮೂರು ಮೊತ್ತ ತಾಳೆಯಾಗಿಲ್ಲ, ಎಲ್ಲಿ ತಪ್ಪಿತು’ ಎಂದರೆ ಕೆಲಸ.

ನಮ್ಮ ಆಯ್ಕೆ ಎರಡರ ಬೆರಕೆ. ಸಂಬಳದ ಸಲುವಾಗಿ ವರ್ಷಕ್ಕೊಮ್ಮೆ ಮೂರೇ ದರ್ಜೆ: ನಿರೀಕ್ಷೆ ಮೀರಿದೆ, ನಿರೀಕ್ಷೆಯಂತಿದೆ, ಕಡಿಮೆಯಿದೆ. ಕಾರಣ ನಾಲ್ಕು ಸಾಲಿನಲ್ಲಿ, ಬರಹದಲ್ಲಿ. ಇದರಿಂದ ಬೇರೆಯಾಗಿ, ಎರಡು ವಾರಕ್ಕೊಮ್ಮೆ 30 ನಿಮಿಷ ಒಬ್ಬೊಬ್ಬರ ಜೊತೆ ಮಾತು. ಮೊದಲ ಹತ್ತು ನಿಮಿಷ ನೌಕರನದು, ಮುಂದಿನ ಹತ್ತು ಅಡ್ಡಿಗಳನ್ನು ಬಿಡಿಸಲು, ಉಳಿದದ್ದು ಮುಂದಿನ ಎರಡು ವಾರಕ್ಕೆ.

ಈ ಮಾತುಕತೆ ನಿಂತುಹೋಗುವುದು ಬಹುಪಾಲು ಲೆಕ್ಕಾಚಾರ ತಪ್ಪಿದ್ದರಿಂದ. ಹತ್ತು ಜನರಿದ್ದರೆ ಎರಡು ವಾರಕ್ಕೆ 5 ಗಂಟೆ, ಆಗುವ ಮಾತು. 25 ಜನರಿದ್ದರೆ ಹನ್ನೆರಡೂವರೆ ಗಂಟೆ. ತನ್ನದೇ ಕೆಲಸವೂ ಇರುವ ಮ್ಯಾನೇಜರಿಗೆ ಅಷ್ಟು ಹೊತ್ತು ಸಿಗುವುದಿಲ್ಲ. ಅಂಥ ಕಡೆ ತರಬೇತಿ ಕೊಡಿಸಿ ಪ್ರಯೋಜನವಿಲ್ಲ. ಮೊದಲು ತಂಡವನ್ನು ಒಡೆದು ಮಧ್ಯದಲ್ಲಿ ಇಬ್ಬರು ಮೇಲ್ವಿಚಾರಕರನ್ನು ಮಾಡಬೇಕು.

ಗುರಿ ನಿಗದಿಯ ಬಗ್ಗೆ ಎರಡೇ ಮಾತು. ನಡೆಯುತ್ತಿರುವ ಕೆಲಸದ ಆರೋಗ್ಯ ನೋಡಲು ಕೆಪಿಐ (ಕೆಲಸದ ಮುಖ್ಯ ಅಳತೆಯ ಅಂಕಿಗಳು), ಹೊಸದಾಗಿ ಮುಟ್ಟಬೇಕಾದ್ದಕ್ಕೆ ಓಕೆಆರ್ (ಒಂದು ಗುರಿ, ಅದನ್ನು ಮುಟ್ಟಿದ್ದೇವೆಂದು ತೋರಿಸುವ ಕೆಲವು ಫಲಿತಾಂಶಗಳು). ಆಂಡಿ ಗ್ರೋವ್ ಇಂಟೆಲ್‌ನಲ್ಲಿ ಬೆಳೆಸಿದ, 1999ರಲ್ಲಿ ಹೂಡಿಕೆದಾರ ಜಾನ್ ಡೋರ್ ಗೂಗಲ್‌ಗೆ ಒಯ್ದ ಈ ಓಕೆಆರ್ ಪದ್ಧತಿ ಮುಟ್ಟಲು ಕಷ್ಟವಾದ ಗುರಿಗಳಿಗೆ ಮಾಡಿದ್ದು. ಅದನ್ನು ಸಂಬಳಕ್ಕೆ ಕಟ್ಟಿದರೆ ಮರುವರ್ಷ ಎಲ್ಲರೂ ಸುಲಭದ ಗುರಿಯನ್ನೇ ಬರೆದುಕೊಡುತ್ತಾರೆ.

ಹಣದ ವಿಷಯ

ಸಂಬಳದ ಚರ್ಚೆಯಲ್ಲಿ ಎರಡು ಅತಿಗಳಿವೆ. ಹಣವೇ ಎಲ್ಲ ಅನ್ನುವವರು ಒಂದು ಕಡೆ. ಹಣ ಪ್ರೇರಣೆಯೇ ಅಲ್ಲ ಅನ್ನುವವರು ಇನ್ನೊಂದು ಕಡೆ. ಎರಡನೆಯವರು ಸಾಮಾನ್ಯವಾಗಿ ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗರನ್ನು ನೆನೆಯುತ್ತಾರೆ. 1959ರಲ್ಲಿ ಅವರು ಮುಂದಿಟ್ಟ ವಾದದ ಪ್ರಕಾರ ಸಂಬಳ ಕಡಿಮೆಯಾದರೆ ಅತೃಪ್ತಿ ಹುಟ್ಟುತ್ತದೆ, ಏರಿಸಿದರೆ ಆ ಅತೃಪ್ತಿ ತಗ್ಗುತ್ತದೆ. ನಿಜವಾದ ಪ್ರೇರಣೆ ಕೆಲಸದೊಳಗಿನಿಂದ ಬರಬೇಕು. ಸಂಬಳ ಮುಖ್ಯವಲ್ಲ ಎಂದು ಇದರಿಂದ ತೀರ್ಮಾನಿಸುವುದು ತಪ್ಪು. ಕಡಿಮೆ ಸಂಬಳ ಅತೃಪ್ತಿ ಹುಟ್ಟಿಸುತ್ತದೆ ಎಂಬುದೂ ಅದೇ ವಾದದಲ್ಲಿದೆ.

ಆದ್ದರಿಂದ ಹೊಸ ಇನ್ಸೆಂಟಿವ್ ಯೋಚಿಸುವ ಮೊದಲು ಒಳಗಿನ ನ್ಯಾಯ ಪರೀಕ್ಷಿಸಿ. ಪ್ರತಿ ಹುದ್ದೆಗೂ ಸಂಬಳದ ಕೆಳ, ಮಧ್ಯ, ಮೇಲಿನ ಮಿತಿ ಬರೆಯಿರಿ. ಪ್ರತಿಯೊಬ್ಬರ ಸಂಬಳವನ್ನು ಮಧ್ಯದ ಮೊತ್ತದಿಂದ ಭಾಗಿಸಿ. 0.8ಕ್ಕಿಂತ ಕೆಳಗೆ ಬಂದವರಲ್ಲಿ ಚೆನ್ನಾಗಿ ಕೆಲಸ ಮಾಡುವವರು ಯಾರಿದ್ದಾರೋ ಅವರನ್ನು ಮೊದಲು ಸರಿಪಡಿಸಿ. ಹಾಗೆಯೇ ನಿನ್ನೆ ಸೇರಿದವರು ಐದು ವರ್ಷ ಹಳಬರಿಗಿಂತ ಹೆಚ್ಚು ಪಡೆಯುತ್ತಿದ್ದಾರೆಯೇ ನೋಡಿ. ಮಾರುಕಟ್ಟೆಯಿಂದ ತರುವವರಿಗೆ ಮಾರುಕಟ್ಟೆ ದರ, ಒಳಗಿನವರಿಗೆ ಶೇಕಡಾವಾರು ಇಂಕ್ರಿಮೆಂಟ್ ಎಂದು ನಡೆಸಿದರೆ ಕೆಲವೇ ವರ್ಷಗಳಲ್ಲಿ ಈ ತಿರುಗುಮುರುಗು ತಾನಾಗಿ ಬರುತ್ತದೆ. ಸಂಬಳದ ಗುಟ್ಟು ಎಷ್ಟು ಕಾಪಾಡಿದರೂ ಇದು ಹೊರಬೀಳದೆ ಇರುವುದಿಲ್ಲ.

ಇದಾದ ಮೇಲೆ ಆಯ್ಕೆಗಳು:

| ಪದ್ಧತಿ | ಎಲ್ಲಿ ಒಪ್ಪುತ್ತದೆ | ಎಲ್ಲಿ ಕೆಡುತ್ತದೆ |
|---|---|---|
| ವೈಯಕ್ತಿಕ ಇನ್ಸೆಂಟಿವ್ | ಒಬ್ಬರೇ ಮಾಡುವ, ಎಣಿಸಲು ಬರುವ, ಗುಣಮಟ್ಟ ತಕ್ಷಣ ಕಾಣುವ ಕೆಲಸ | ಒಬ್ಬರಿಗೊಬ್ಬರು ನೆರವಾಗಬೇಕಾದ ಕಡೆ |
| ತಂಡದ ಬೋನಸ್ | 5ರಿಂದ 15 ಜನ, ಕೆಲಸ ಕೈಯಿಂದ ಕೈಗೆ ದಾಟುವಾಗ | ತಂಡದ ಸದಸ್ಯರು ಪದೇ ಪದೇ ಬದಲಾಗುವಾಗ |
| ಉಳಿತಾಯದ ಹಂಚಿಕೆ | ಒಂದೇ ಘಟಕ, ವೆಚ್ಚ ನೌಕರರ ಕೈಯಲ್ಲಿರುವಾಗ | ಆಧಾರ ಪ್ರಮಾಣವನ್ನು ಪದೇ ಪದೇ ಬಿಗಿ ಮಾಡಿದಾಗ |
| ಲಾಭದ ಪಾಲು | ಲೆಕ್ಕ ತೆರೆದಿಡುವ ಸಂಸ್ಥೆ | ನೂರಾರು ಜನರಿದ್ದು, ಲಾಭ ಹೊರಗಿನ ಕಾರಣಗಳಿಂದ ಏರಿಳಿಯುವಾಗ |
| ಷೇರು ಪಾಲು | ಬೇಗ ಬೆಳೆಯುವ ಸಂಸ್ಥೆ, ಮುಖ್ಯ ಹುದ್ದೆಗಳು | ಷೇರು ಮಾರುವ ದಾರಿಯೇ ಇಲ್ಲದಾಗ |

ವೈಯಕ್ತಿಕ ಇನ್ಸೆಂಟಿವ್ ಕೆಲಸ ಮಾಡುವುದಿಲ್ಲ ಎಂದು ಹೇಳಲಾಗದು. ಕಾರಿನ ಗಾಜು ಕೂರಿಸುವ ಸೇಫ್‌ಲೈಟ್ ಕಂಪನಿ 1990ರ ದಶಕದ ನಡುವೆ ಗಂಟೆ ಲೆಕ್ಕದ ಕೂಲಿಯಿಂದ ಎಣಿಕೆಯ ಕೂಲಿಗೆ ಬದಲಾದದ್ದನ್ನು ಎಡ್ವರ್ಡ್ ಲೇಜಿಯರ್ ಅಧ್ಯಯನ ಮಾಡಿ 2000ರಲ್ಲಿ ಪ್ರಕಟಿಸಿದರು. ಒಬ್ಬೊಬ್ಬರ ಉತ್ಪಾದನೆ ಸರಾಸರಿ ಶೇ 44 ಏರಿತ್ತು. ಅದರಲ್ಲಿ ಸುಮಾರು ಅರ್ಧ ಮಾತ್ರ ಇದ್ದವರೇ ಹೆಚ್ಚು ಮಾಡಿದ್ದರಿಂದ ಬಂದದ್ದು; ಉಳಿದದ್ದು ವೇಗದವರು ಬಂದು ಉಳಿದದ್ದರಿಂದ. ಗಮನಿಸಬೇಕಾದ್ದು ಕೆಲಸದ ಸ್ವಭಾವ. ಗಾಜು ಕೂರಿಸುವುದು ಒಬ್ಬರ ಕೆಲಸ, ಎಣಿಸಬಹುದು, ಗಾಜು ಒಡೆದರೆ ಕೂರಿಸಿದವರು ಯಾರೆಂದು ತಿಳಿಯುತ್ತದೆ, ಸರಿಪಡಿಸುವ ಹೊಣೆಯೂ ಅವರದೇ.

ಈ ಮೂರರಲ್ಲಿ ಒಂದು ತಪ್ಪಿದರೂ ಫಲ ಬೇರೆ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನಲ್ಲಿ ಮಾರಾಟದ ಬಿಗಿ ಟಾರ್ಗೆಟ್ ಇತ್ತು. ಎಣಿಸಲು ಬರುತ್ತಿದ್ದುದು ತೆರೆದ ಖಾತೆಗಳ ಸಂಖ್ಯೆ, ಗ್ರಾಹಕ ಕೇಳಿದ್ದನೇ ಎಂಬುದು ಆ ಎಣಿಕೆಯಲ್ಲಿ ಇರಲಿಲ್ಲ. ಗ್ರಾಹಕರಿಗೆ ತಿಳಿಯದೆ ಲಕ್ಷಗಟ್ಟಲೆ ಖಾತೆ ತೆರೆದದ್ದು 2016ರಲ್ಲಿ ಬಯಲಿಗೆ ಬಂದು ಬ್ಯಾಂಕು ಭಾರಿ ದಂಡ ತೆತ್ತಿತು. ಟಾರ್ಗೆಟ್ ಬರೆಯುವಾಗ ಪ್ರತಿ ಸಂಖ್ಯೆಯ ಜೊತೆಗೆ ಅದನ್ನು ಮೋಸದಿಂದ ಮುಟ್ಟಿದರೆ ಕೆಡುವ ಇನ್ನೊಂದು ಸಂಖ್ಯೆಯನ್ನೂ ಇಡಿ: ಮಾರಾಟದ ಜೊತೆ ಮರಳಿ ಬಂದ ಸರಕು, ಕರೆಗಳ ಸಂಖ್ಯೆಯ ಜೊತೆ ಅದೇ ದೂರಿಗೆ ಮತ್ತೆ ಬಂದ ಕರೆ.

ಉಳಿತಾಯದ ಹಂಚಿಕೆಗೆ ಹಳೆಯ ಮಾದರಿ ಸ್ಕ್ಯಾನ್ಲನ್ ಯೋಜನೆ. ಉಕ್ಕು ಕಾರ್ಮಿಕರ ನಾಯಕ ಜೋಸೆಫ್ ಸ್ಕ್ಯಾನ್ಲನ್ 1930ರ ದಶಕದಲ್ಲಿ ಇದಕ್ಕೆ ಬುನಾದಿ ಹಾಕಿದರು. ಲೆಕ್ಕ ಹೀಗೆ: ಹಿಂದಿನ ವರ್ಷಗಳಲ್ಲಿ ಉತ್ಪನ್ನ ಮೌಲ್ಯದ ಶೇ 20 ಕೂಲಿಗೆ ಹೋಗುತ್ತಿತ್ತು ಎನ್ನೋಣ. ಈ ತಿಂಗಳ ಉತ್ಪನ್ನ ಮೌಲ್ಯ 100 ಆದರೆ ಕೂಲಿ 20 ಆಗಬೇಕಿತ್ತು, 16 ಆಯಿತು. ಉಳಿದದ್ದು 4. ಅದರ ಕಾಲು ಭಾಗ, ಅಂದರೆ 1, ಕೆಟ್ಟ ತಿಂಗಳಿಗೆಂದು ತೆಗೆದಿಡುತ್ತಾರೆ. ಉಳಿದ 3ರಲ್ಲಿ ಮುಕ್ಕಾಲು ಪಾಲಾದ 2.25 ನೌಕರರಿಗೆ, 0.75 ಸಂಸ್ಥೆಗೆ. ಹಣದಷ್ಟೇ ಮುಖ್ಯವಾದ ಭಾಗವೆಂದರೆ ನೌಕರರ ಸಲಹಾ ಸಮಿತಿ. ವೆಚ್ಚ ಎಲ್ಲಿ ಕಡಿಮೆಯಾದೀತು ಎಂದು ಹೇಳಲು ವೇದಿಕೆಯಿಲ್ಲದೆ ಪಾಲು ಮಾತ್ರ ಕೊಟ್ಟರೆ ಜನ ಕಾದು ಕೂರುತ್ತಾರೆ. ಒಂದು ವರ್ಷ ಚೆನ್ನಾಗಿ ಉಳಿಸಿದರೆಂದು ಮರುವರ್ಷ ಆಧಾರವನ್ನು 20ರಿಂದ 16ಕ್ಕೆ ಇಳಿಸಿದರೆ ಅಲ್ಲಿಗೆ ಯೋಜನೆ ಮುಗಿಯಿತು. ಹೆಚ್ಚು ದುಡಿದದ್ದಕ್ಕೆ ಸಿಕ್ಕಿದ್ದು ಹೆಚ್ಚಿನ ಟಾರ್ಗೆಟ್ ಎಂದು ಎಲ್ಲರಿಗೂ ತಿಳಿದುಹೋಗುತ್ತದೆ.

ಲಾಭದ ಪಾಲಿನ ಕಷ್ಟ ಸರಳ ಗಣಿತದ್ದು. 200 ಜನರಲ್ಲಿ ಒಬ್ಬರು ಹೆಚ್ಚು ದುಡಿದು ತಂದ ಲಾಭದಲ್ಲಿ ಅವರಿಗೆ ಮರಳುವುದು ಇನ್ನೂರರಲ್ಲಿ ಒಂದು ಪಾಲು. ಹಾಗಾಗಿ ಇದು ಪ್ರೇರಣೆಗಿಂತ ನ್ಯಾಯದ ಸಂಕೇತವಾಗಿ ಬೆಲೆಬಾಳುತ್ತದೆ. ಪ್ರತಿ ತಿಂಗಳು ಲೆಕ್ಕ ತೋರಿಸದೆ ವರ್ಷದ ಕೊನೆಗೆ ಒಂದು ಮೊತ್ತ ಕೊಟ್ಟರೆ ಅದು ಎಲ್ಲಿಂದ ಬಂತೆಂದು ಯಾರಿಗೂ ತಿಳಿಯುವುದಿಲ್ಲ.

ಒಳಗಿನವರಿಗೆ ಬಡ್ತಿಯೋ, ಹೊರಗಿನಿಂದ ತರುವುದೋ

ಮ್ಯಾಥ್ಯೂ ಬಿಡ್ವೆಲ್ 2011ರಲ್ಲಿ ಪ್ರಕಟಿಸಿದ ಒಂದು ಹೂಡಿಕೆ ಬ್ಯಾಂಕಿನ ಅಧ್ಯಯನದಲ್ಲಿ, ಹೊರಗಿನಿಂದ ಬಂದವರು ಅದೇ ಹುದ್ದೆಗೆ ಬಡ್ತಿ ಪಡೆದವರಿಗಿಂತ ಸುಮಾರು ಶೇ 18 ಹೆಚ್ಚು ಸಂಬಳ ಪಡೆಯುತ್ತಿದ್ದರು. ಮೊದಲ ಎರಡು ವರ್ಷ ಅವರ ಕೆಲಸದ ಅಂಕ ಕಡಿಮೆಯಿತ್ತು, ಬಿಟ್ಟುಹೋಗುವ ಪ್ರಮಾಣ ಹೆಚ್ಚಿತ್ತು. ಸಂಸ್ಥೆಯಲ್ಲಿಲ್ಲದ ಕೌಶಲ ಬೇಕಾದಾಗ ಹೊರಗೆ ಹುಡುಕಲೇಬೇಕು. ಇದ್ದ ಕೌಶಲದ ಮುಂದಿನ ಮೆಟ್ಟಿಲಿಗೆ ಒಳಗಿನವರೇ ಅಗ್ಗ, ಅಲ್ಲದೆ ನೋಡುತ್ತಿರುವ ಇತರರಿಗೂ ದಾರಿ ಕಾಣುತ್ತದೆ.

ಆದರೆ ಬಡ್ತಿಯಲ್ಲೂ ಒಂದು ಹಳ್ಳವಿದೆ. ಮಾರಾಟದ ಕೆಲಸಗಾರರನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಬೆನ್ಸನ್, ಲಿ ಮತ್ತು ಶೂ ಅವರ ಅಧ್ಯಯನದಲ್ಲಿ, ಹೆಚ್ಚು ಮಾರಿದವರಿಗೇ ಮ್ಯಾನೇಜರ್ ಪಟ್ಟ ಸಿಗುತ್ತಿತ್ತು. ಮ್ಯಾನೇಜರ್ ಆದ ಮೇಲೆ ಅವರ ತಂಡಗಳು ಹಿಂದೆ ಬೀಳುತ್ತಿದ್ದವು. ಪರಿಣತರಿಗೆ ಸಂಬಳ ಮತ್ತು ಗೌರವ ಏರುವ ಬೇರೆ ಏಣಿ ಕಟ್ಟಿದರೆ, ಜನರನ್ನು ನಡೆಸಲು ಆಸೆಯಿಲ್ಲದವರು ಬಡ್ತಿಗಾಗಿ ಮ್ಯಾನೇಜರ್ ಆಗಬೇಕಿಲ್ಲ. ಬಡ್ತಿಗೆ ಮುಂಚೆ ಮೂರು ತಿಂಗಳು ಒಬ್ಬ ಹೊಸಬರನ್ನು ತಯಾರು ಮಾಡುವ ಹೊಣೆ ಕೊಟ್ಟು ನೋಡಿ. ಅಷ್ಟರಲ್ಲಿ ಗೊತ್ತಾಗುತ್ತದೆ.

ನೇಮಕಾತಿಯಲ್ಲಿ ಆಯ್ಕೆ ಇನ್ನೂ ಸುಲಭ. ಎಲ್ಲರಿಗೂ ಒಂದೇ ಪ್ರಶ್ನೆ, ಮೊದಲೇ ಬರೆದಿಟ್ಟ ಅಂಕಪಟ್ಟಿ ಇರುವ ಕ್ರಮಬದ್ಧ ಸಂದರ್ಶನ, ಮಾತಿನ ಓಘದಲ್ಲಿ ಸಾಗುವ ಸಂದರ್ಶನಕ್ಕಿಂತ ಮುಂದಿನ ಕೆಲಸವನ್ನು ಚೆನ್ನಾಗಿ ಊಹಿಸುತ್ತದೆ ಎಂಬುದು ದಶಕಗಳ ಸಂಶೋಧನೆಯಲ್ಲಿ ಮತ್ತೆ ಮತ್ತೆ ಕಂಡದ್ದು. ಇದಕ್ಕೆ ಖರ್ಚೂ ಇಲ್ಲ. ಬೇಕಾದ್ದು ಒಂದು ಮಧ್ಯಾಹ್ನದ ತಯಾರಿ.

ಸೌಲಭ್ಯಗಳೋ, ಕೆಲಸದ ಮರುರಚನೆಯೋ, ಮ್ಯಾನೇಜರುಗಳೋ

ಆಟದ ಕೋಣೆ, ಹುಟ್ಟುಹಬ್ಬದ ಉಡುಗೊರೆ, ವಾರ್ಷಿಕ ಪ್ರವಾಸ ಇವು ಬೇಡವೆಂದಲ್ಲ. ಓವರ್‌ಟೈಮ್ ಹಣ ತಡವಾಗುವ, ರಜೆ ಕೇಳಲು ಹೆದರುವ ಕಡೆ ಇವನ್ನು ತಂದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದಂತಾಗುತ್ತದೆ. ನೌಕರರು ಅದನ್ನು ಹಾಗೆಯೇ ಓದುತ್ತಾರೆ.

ಕೆಲಸದ ಮರುರಚನೆ ಇದಕ್ಕಿಂತ ಎಷ್ಟೋ ಮೇಲು, ಯಾರೂ ಮಾಡದಿರುವುದೇ ಆಶ್ಚರ್ಯ. ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ 1976ರಲ್ಲಿ ಕೆಲಸವೊಂದು ಒಳಗಿನಿಂದ ಪ್ರೇರಿಸಲು ಐದು ಗುಣ ಹೇಳಿದರು: ಬಗೆಬಗೆಯ ಕೌಶಲ, ಮೊದಲಿಂದ ಕೊನೆಯವರೆಗೆ ಮಾಡಿದ ಸಮಾಧಾನ, ಇತರರಿಗೆ ಅದರಿಂದಾಗುವ ಪರಿಣಾಮ, ಸ್ವಂತ ನಿರ್ಧಾರಕ್ಕೆ ಜಾಗ, ಹೇಗಾಯಿತೆಂದು ಕೆಲಸದಿಂದಲೇ ತಿಳಿಯುವುದು. ದೂರು ಸ್ವೀಕರಿಸುವವರು ಒಬ್ಬರು, ಪರಿಶೀಲಿಸುವವರು ಇನ್ನೊಬ್ಬರು, ಉತ್ತರಿಸುವವರು ಮತ್ತೊಬ್ಬರು ಇರುವ ಕಚೇರಿಯಲ್ಲಿ ಒಬ್ಬೊಬ್ಬರಿಗೂ ಕೆಲವು ಗ್ರಾಹಕರನ್ನು ಪೂರ್ತಿ ವಹಿಸಿ, ಒಂದು ಮಿತಿಯವರೆಗೆ ಮೇಲಿನವರನ್ನು ಕೇಳದೆ ಪರಿಹಾರ ಕೊಡುವ ಅಧಿಕಾರ ಕೊಟ್ಟರೆ ಐದರಲ್ಲಿ ನಾಲ್ಕು ಗುಣ ಒಮ್ಮೆಗೇ ಸುಧಾರಿಸುತ್ತವೆ. ಮೊದಲ ಎರಡು ಮೂರು ತಿಂಗಳು ತಪ್ಪುಗಳು ಹೆಚ್ಚುತ್ತವೆ. ಆ ಹೊತ್ತಿಗೆ ಹೆದರಿ ಅಧಿಕಾರ ವಾಪಸ್ ಕಿತ್ತುಕೊಂಡರೆ ಮೊದಲಿಗಿಂತ ಕೆಟ್ಟ ಸ್ಥಿತಿ ಬರುತ್ತದೆ. ಆದ್ದರಿಂದ ಮಿತಿಯನ್ನು ಚಿಕ್ಕದಾಗಿಟ್ಟು ಆರಂಭಿಸಿ.

ಮ್ಯಾನೇಜರ್ ತರಬೇತಿಯ ಪರವಾಗಿ ಗೂಗಲ್ 2008ರಲ್ಲಿ ಶುರುಮಾಡಿದ ಒಳ ಅಧ್ಯಯನವನ್ನು ನೆನೆಯಬಹುದು. ಒಳ್ಳೆಯ ಮ್ಯಾನೇಜರುಗಳ ಎಂಟು ನಡವಳಿಕೆಗಳಲ್ಲಿ ಕಲಿಸಿ ಬೆಳೆಸುವುದು ಮೊದಲನೆಯದಾಗಿ ಬಂತು, ತಾಂತ್ರಿಕ ಜ್ಞಾನ ಕೊನೆಯದು. ತರಬೇತಿ ಎಂದರೆ ಎರಡು ದಿನದ ಶಿಬಿರವಲ್ಲ. ಎರಡು ಗಂಟೆಯ ಆರು ಪಾಠ, ಎರಡೆರಡು ವಾರದ ಅಂತರ, ಪ್ರತಿ ಪಾಠದ ನಡುವೆ ತಂಡದೊಂದಿಗೆ ಮಾಡಿ ಬರಬೇಕಾದ ಒಂದು ಕೆಲಸ: ಹೀಗಿದ್ದರೆ ಉಳಿಯುತ್ತದೆ. ಮೂರು ಬಾರಿ ಅವಕಾಶ ಕೊಟ್ಟರೂ ಕೂಗಾಟ ಬಿಡದವರನ್ನು ಜನರ ಹೊಣೆಯಿಂದ ಬಿಡಿಸಬೇಕು. ಅವರು ಎಷ್ಟೇ ಮಾರಾಟ ತರಲಿ.

ಒಂದೊಂದಾಗಿ ಮಾಡಬೇಕೇ, ಜೊತೆಯಾಗಿಯೇ

ಆರಂಭದಲ್ಲಿ ಎಲ್ಲವನ್ನೂ ಒಟ್ಟಿಗೆ ಮಾಡಬೇಡಿ ಎಂದೆವು. ಹಾಗೆಂದು ಒಂಟಿ ಪದ್ಧತಿಯೂ ಸಾಲದು. ಇಕ್ನಿಯೋಸ್ಕಿ, ಶಾ ಮತ್ತು ಪ್ರೆನ್ನುಶಿ 1997ರಲ್ಲಿ ಉಕ್ಕಿನ 36 ಉತ್ಪಾದನಾ ಸಾಲುಗಳನ್ನು ಹೋಲಿಸಿದಾಗ, ಇನ್ಸೆಂಟಿವ್, ತಂಡ, ಎಚ್ಚರದ ನೇಮಕಾತಿ, ತರಬೇತಿ, ಉದ್ಯೋಗ ಭದ್ರತೆ ಇವು ಜೊತೆಯಾಗಿದ್ದ ಸಾಲುಗಳು ಹೆಚ್ಚು ಉತ್ಪಾದಿಸುತ್ತಿದ್ದವು. ಒಂದೊಂದನ್ನೇ ತಂದ ಕಡೆ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ. ಕಾರಣ ಊಹಿಸಬಹುದು. ಸಲಹೆ ಕೊಟ್ಟರೆ ಕೆಲಸಗಾರರ ಸಂಖ್ಯೆ ಇಳಿದೀತೆಂಬ ಭಯವಿದ್ದಲ್ಲಿ ಯಾರು ಸಲಹೆ ಕೊಡುತ್ತಾರೆ? ಆದ್ದರಿಂದ ಒಂದಕ್ಕೊಂದು ಆಸರೆಯಾಗುವ ಎರಡು ಮೂರು ಪದ್ಧತಿಗಳ ಕಟ್ಟು ಆರಿಸಬೇಕು.

30 ಜನರೊಳಗಿನ ಸಂಸ್ಥೆಗೆ ನಮ್ಮ ಕಟ್ಟು: ಕ್ರಮಬದ್ಧ ಸಂದರ್ಶನ, ಎರಡು ವಾರಕ್ಕೊಮ್ಮೆ ಮಾತುಕತೆ, ವರ್ಷಕ್ಕೆರಡು ಸ್ಟೇ ಇಂಟರ್‌ವ್ಯೂ. 30ರಿಂದ 150ರವರೆಗೆ: ಸಂಬಳದ ಮಿತಿಗಳು, ಮೇಲ್ವಿಚಾರಕರ ತರಬೇತಿ, ಮೂರು ತಿಂಗಳ ಪಲ್ಸ್ ಸರ್ವೆ. ಬೆಳೆಯುವ ಸಂಸ್ಥೆ ಎಡವುವುದು ಹೆಚ್ಚಾಗಿ ಇಲ್ಲೇ, ಮಾಲೀಕರಿಗೆ ಎಲ್ಲರ ಹೆಸರು ಗೊತ್ತಿದ್ದ ಕಾಲ ಮುಗಿದು ಪದ್ಧತಿ ಇನ್ನೂ ಹುಟ್ಟದ ಹೊತ್ತಿನಲ್ಲಿ. 150 ದಾಟಿದ ಮೇಲೆ ಉಳಿತಾಯದ ಹಂಚಿಕೆ, ಪರಿಣತರ ಏಣಿ, ವಾರ್ಷಿಕ ಸಮೀಕ್ಷೆಯನ್ನು ಸೇರಿಸಬಹುದು.

ಫಲ ಬಂತೋ ಇಲ್ಲವೋ ಅಳೆಯುವಾಗ ಒಂದು ಮೋಸವಿದೆ. ತೊಡಗಿಸಿಕೊಂಡ ನೌಕರರಿರುವ ಕಡೆ ಲಾಭ ಹೆಚ್ಚು ಎಂಬುದು ನಿಜವಾದರೂ, ಲಾಭ ಬರುತ್ತಿರುವ ಕಡೆ ನೌಕರರು ಸಂತೃಪ್ತರಾಗಿರುವುದೂ ಅಷ್ಟೇ ನಿಜ. ಶ್ನೈಡರ್ ಮತ್ತು ಸಂಗಡಿಗರು 2003ರಲ್ಲಿ ಹಲವು ವರ್ಷಗಳ ಅಂಕಿಗಳನ್ನು ನೋಡಿದಾಗ, ಹಣಕಾಸಿನ ಯಶಸ್ಸಿನಿಂದ ಉದ್ಯೋಗ ತೃಪ್ತಿಯ ಕಡೆಗಿನ ಸಂಬಂಧವೇ ಹೆಚ್ಚು ಬಲವಾಗಿತ್ತು. ಹಾಗಾಗಿ ಹೊಸ ಪದ್ಧತಿಯನ್ನು ಎಲ್ಲ ಕಡೆ ಒಂದೇ ದಿನ ಜಾರಿ ಮಾಡದೆ, ಒಂದು ಘಟಕದಲ್ಲಿ ಮೊದಲು, ಅಂಥದ್ದೇ ಇನ್ನೊಂದರಲ್ಲಿ ನಾಲ್ಕು ತಿಂಗಳ ನಂತರ ತನ್ನಿ. ನಡುವೆ ಎರಡೂ ಕಡೆ ಮುನ್ಸೂಚನೆ ಇಲ್ಲದ ಗೈರುಹಾಜರಿ, ಮರುಮಾಡಿದ ಕೆಲಸ, ಸಮಯಕ್ಕೆ ತಲುಪಿದ ಆರ್ಡರ್, ಕಳೆದುಕೊಳ್ಳಬಾರದವರ ರಾಜೀನಾಮೆ ಎಣಿಸಿ. ಮೊದಲ ಮೂರು ಸಂಖ್ಯೆಗಳು ಕೆಲವು ತಿಂಗಳಲ್ಲೇ ಅಲುಗಾಡುತ್ತವೆ; ರಾಜೀನಾಮೆಗೆ ಒಂದು ವರ್ಷ ಬೇಕು, ಲಾಭಕ್ಕೆ ಅದಕ್ಕೂ ಹೆಚ್ಚು.

ಹಣದ ಯೋಜನೆಯನ್ನು ಜಾರಿಯಾದ 12 ತಿಂಗಳೊಳಗೆ ತಿದ್ದಬೇಡಿ, ಲೆಕ್ಕದಲ್ಲೇ ದೋಷ ಕಂಡರೆ ಮಾತ್ರ ಕಾರಣ ಹೇಳಿ ತಿದ್ದಿ. ಎರಡು ಸುತ್ತು ಪಲ್ಸ್ ಸರ್ವೆ ನಡೆದೂ ಒಂದು ಬದಲಾವಣೆಯೂ ಆಗಿಲ್ಲವೆಂದರೆ ಮೂರನೆಯದನ್ನು ಕಳಿಸಬೇಡಿ. ಬಾಕಿ ಉಳಿದದ್ದನ್ನು ಮುಗಿಸಿ, ಏನು ಬದಲಾಯಿತೆಂದು ಎಲ್ಲರಿಗೂ ಬರೆದು ತಿಳಿಸಿ, ಆಮೇಲೆ ಕೇಳಿ.